ಗಂಟಲು ಕಟ್ಟಿದ ದೂರದ ನೆಂಟಳು

ಹಾಲ್ಡನ್‌ಶಾ ಊರಿನ ಮೂಡಲಿಗೆ ಒಂದು ಗುಡ್ಡವಿದೆ. ಅಷ್ಟೇನೂ ಎತ್ತರದ್ದಲ್ಲ. ಕುರಿಗಳು ಮೇಯುತ್ತ ಮೇಯುತ್ತ ತಮಗೇ ಗೊತ್ತಾಗದ ಹಾಗೆ ಅದನ್ನು ದಾಟಿಬಿಡುತ್ತವೆ. ಕುರಿಗಳಿಗೇನೂ ತೊಂದರೆಯಿಲ್ಲ, ಅವು ಎರಡು ಕಡೆಯೂ ಒಂದೇ ತರಹ ಅರಚುತ್ತವೆ. ಮನುಷ್ಯರ ಹಣೆಬರಹ ಹಾಗಲ್ಲ. ಗುಡ್ಡದ ಈಚೆ ಲ್ಯಾಂಕಾಶೈರ್, ಆಚೆ ಯಾರ್ಕ್‌ಶೈರ್. ಅಂಗೈಯಗಲದ ದುಂಡನೆಯ ಮೆತ್ತನೆ ಬ್ರೆಡ್ಡಿಗೆ ಈಚೆಯವರು ಬಾರ್ಮ್ ಎನ್ನುತ್ತಾರೆ, ಆಚೆಯವರು ಬ್ರೆಡ್‌ಕೇಕ್ ಎನ್ನುತ್ತಾರೆ. ಹಿಟ್ಟು ಒಂದೇ, ಒಲೆ ಒಂದೇ, ಬೆಲೆಯೂ ಒಂದೇ. ಆದರೆ ಹಾಲ್ಡನ್‌ಶಾದ ಬ್ರೆಡ್ಡಿನಂಗಡಿಯಲ್ಲಿ ನಿಂತು ಯಾರಾದರೂ ‘ಎರಡು ಬ್ರೆಡ್‌ಕೇಕ್ ಕೊಡಿ’ ಎಂದರೆ, ಸಾಲಿನಲ್ಲಿರುವ ಹೆಂಗಸರು ತಮ್ಮ ತಮ್ಮ ಕೈಚೀಲಗಳನ್ನು ಎದೆಗೆ ಅವಚಿಕೊಳ್ಳುತ್ತಾರೆ.

ಇಂಥ ಊರಿನಲ್ಲಿ ವಿಲ್ಫ್ರೆಡ್ ಹೆಪ್‌ವರ್ತ್ ಮೂವತ್ತು ವರ್ಷಗಳಿಂದ ತಲೆಮರೆಸಿಕೊಂಡವನ ಹಾಗೆ ಬದುಕಿದ್ದ. ಕದ್ದದ್ದೇನೂ ಇಲ್ಲ, ಕೊಂದದ್ದೂ ಇಲ್ಲ. ಹುಟ್ಟಿದ್ದು ಗುಡ್ಡದ ಆಚೆ, ಅಷ್ಟೆ.

ತಪ್ಪೆಲ್ಲ ಪ್ರೇಮದ್ದು. ಹತ್ತಿಗಿರಣಿಯ ಬಾಯ್ಲರಿಗೆ ಕಲ್ಲಿದ್ದಲು ತುಂಬುವ ಕೆಲಸಕ್ಕೆಂದು ಬಂದವನು ಅಲ್ಲೇ ಮಗ್ಗ ನೋಡಿಕೊಳ್ಳುತ್ತಿದ್ದ ನೋರಾ ಹಿಂಡಲ್‌ಳಿಗೆ ಮನಸೋತ. ಹೆಣ್ಣು ಕೇಳಲು ಹೋದಾಗ ಅವಳಪ್ಪ ಎಜ್ರಾ ಹಿಂಡಲ್ ಬಾಗಿಲಿಗೆ ಅಡ್ಡಲಾಗಿ ನಿಂತಿದ್ದ. ಗುಡ್ಡದಾಚೆಯವನೊಬ್ಬ ತನ್ನ ಹೊಸ್ತಿಲು ದಾಟಿದರೆ ಹೊಸ್ತಿಲನ್ನೇ ಕಿತ್ತು ಬೇರೆ ಹಾಕಿಸುವುದಾಗಿ ಸಾರಿದ್ದ ಮನುಷ್ಯ.

“ಎಲ್ಲಿಯವನೋ?”

ವಿಲ್ಫ್ ಎಜ್ರಾನ ಮೀಸೆಯನ್ನು ನೋಡಿದ. “ಫ್ಲೀಟ್‌ವುಡ್,” ಎಂದ. ಲ್ಯಾಂಕಾಶೈರಿನಲ್ಲಿ ಅದಕ್ಕಿಂತ ದೂರದ ಊರು ಅವನಿಗೆ ತೋಚಲಿಲ್ಲ. ಅದರಾಚೆ ಸಮುದ್ರ.

“ಅಪ್ಪ?”

“ಇಲ್ಲ.”

“ಅಮ್ಮ?”

“ಇಲ್ಲ.”

“ಅಣ್ಣ ತಮ್ಮ, ಅಕ್ಕ ತಂಗಿ?”

“ಇಲ್ಲ.”

ಮೊದಲೆರಡು ‘ಇಲ್ಲ’ ನಿಜವಾದವು. ಮೂರನೆಯದು ಅವುಗಳ ಬೆನ್ನಿಗೆ ಸುಮ್ಮನೆ ಜಾರಿಕೊಂಡು ಬಂದದ್ದು. ಆಚೆಯ ಸಂತೆಯಲ್ಲಿ ಮೀನು ಮಾರುತ್ತಿದ್ದ ಅಕ್ಕ ಹಿಲ್ಡಾ ಹೀಗೆ ಒಂದೇ ಉಸಿರಿನಲ್ಲಿ ಇಲ್ಲವಾಗಿ ಹೋದಳು.

ನೋರಾಗೆ ಮದುವೆಗೆ ಮುಂಚೆಯೇ ಹೇಳಿದ್ದ. ಅವಳು ಕಣ್ಣಲ್ಲಿ ನೀರು ಬರುವ ತನಕ ನಕ್ಕು, “ಅಪ್ಪನಿಗೆ ಮಾತ್ರ ಹೇಳ್ಬೇಡ, ಎದೆ ಒಡೆದು ಸತ್ತೇಹೋಗ್ತಾರೆ,” ಎಂದಿದ್ದಳು. ಎಜ್ರಾ ಸಾಯಲಿಲ್ಲ. ಎಂಬತ್ತು ದಾಟಿದ, ಎಂಬತ್ತೈದೂ ದಾಟಿದ. ಹಾಗಾಗಿ ಹೇಳುವ ಸಂದರ್ಭ ಒದಗಲೇ ಇಲ್ಲ.

ವಿಲ್ಫ್ ಪಟ್ಟ ಪಾಡು ಅವನಿಗೇ ಗೊತ್ತು. ಮಧ್ಯಾಹ್ನದ ಬುತ್ತಿಗೆ ಅವನೂರಲ್ಲಿ ಸ್ನ್ಯಾಪ್, ಇಲ್ಲಿ ಬ್ಯಾಗಿನ್. ಮಿಠಾಯಿಗೆ ಅಲ್ಲಿ ಸ್ಪೈಸ್, ಇಲ್ಲಿ ಯಾವ ಮಿಠಾಯಿಯಾದರೂ ಟಾಫಿ. ಟೀಯನ್ನು ಅಲ್ಲಿ ಮ್ಯಾಶ್ ಮಾಡುತ್ತಾರೆ, ಇಲ್ಲಿ ಬ್ರೂ ಮಾಡುತ್ತಾರೆ. ಹೊಸ ಮದುಮಗ ಹಿತ್ತಿಲ ಕಕ್ಕಸಿನಲ್ಲಿ ಕೂತು ಒಂದೊಂದನ್ನೇ ಗಟ್ಟಿಯಾಗಿ ಉರುಹಚ್ಚುತ್ತಿದ್ದ. ಹೊರಗೆ ಬಟ್ಟೆ ಹಿಂಡುತ್ತ ನೋರಾ ತಪ್ಪು ತಿದ್ದುತ್ತಿದ್ದಳು. ವರ್ಷಕ್ಕೊಮ್ಮೆ ಕಾಲುವೆಯಲ್ಲಿ ಗಾಳ ಹಾಕಲು ಹೋಗುತ್ತೇನೆಂದು ಹೇಳಿ, ಕೋಲು ಹೆಗಲಿಗಿಟ್ಟು, ಎರಡು ಬಸ್ಸು ಬದಲಿಸಿ ಅಕ್ಕನನ್ನು ನೋಡಿಕೊಂಡು ಬರುತ್ತಿದ್ದ.

ಈಗ ಆ ಶ್ರಮಕ್ಕೆಲ್ಲ ಫಲ ಸಿಗುವ ಕಾಲ ಬಂದಿತ್ತು. ಊರಿನ ಬೌಲಿಂಗ್ ಕ್ಲಬ್ಬೆಂದರೆ ಹುಲ್ಲಿನ ದಿಬ್ಬದ ಮೇಲೆ ಮರದ ಚೆಂಡು ಉರುಳಿಸುವ ಮುದುಕರ ಕೂಟ. ಅದನ್ನು ಕಟ್ಟಿದವನೂ ಅಂದಿನಿಂದ ಇಂದಿನವರೆಗೆ ಅದರ ಅಧ್ಯಕ್ಷನೂ ಎಜ್ರಾನೇ. ಈ ಶನಿವಾರ ಅವನು ಕುರ್ಚಿ ಬಿಟ್ಟು ಅಳಿಯನನ್ನು ಕೂರಿಸುವವನಿದ್ದ. ವಿಲ್ಫ್ ಬದುಕಿನಲ್ಲಿ ಯಾವುದಕ್ಕೂ ಯಾರಿಂದಲೂ ಆಯ್ಕೆಯಾದವನಲ್ಲ. ಬಸ್ಸಿನಲ್ಲಿ ಖಾಲಿ ಸೀಟಿದ್ದರೂ ಬೇರೆಯವರದಿರಬಹುದೆಂದು ನಿಂತೇ ಹೋಗುವ ಮನುಷ್ಯ. ಆ ಕುರ್ಚಿಗಿಂತ ಹೆಚ್ಚಾಗಿ, ಕುರ್ಚಿ ಬಿಟ್ಟುಕೊಡುವಾಗ ಮಾವ ತನ್ನ ಹೆಗಲ ಮೇಲೆ ಇಡಲಿರುವ ಆ ಕೈ ಅವನಿಗೆ ಬೇಕಿತ್ತು. ತೊಡಕು ಒಂದೇ. ಎಜ್ರಾನೇ ಮಾಡಿದ ಮೊದಲ ನಿಯಮ ಹೀಗಿತ್ತು: ಅಧ್ಯಕ್ಷನಾಗುವವನು ಗುಡ್ಡದ ಈಚೆ ಹುಟ್ಟಿರತಕ್ಕದ್ದು.

ಸೋಮವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ವಿಲ್ಫ್ ತೆರೆದ. ಹಿಲ್ಡಾ ನಿಂತಿದ್ದಳು.

ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಕೊಡೆ, ತಲೆಯ ಮೇಲೆ ಹಕ್ಕಿಯೊಂದು ಸತ್ತು ಕೂತಂತಿದ್ದ ಟೋಪಿ. ದೇವರು ದೊಡ್ಡವನು. ಕಡಿದಾದ ಆ ಬೀದಿಯನ್ನು ಪೆಟ್ಟಿಗೆ ಹೊತ್ತು ಹತ್ತಿದ್ದರಿಂದ ಅವಳಿಗೆ ಉಸಿರು ಸಿಕ್ಕಿರಲಿಲ್ಲ. ಸಂತೆಯ ಈ ತುದಿಯಲ್ಲಿ ‘ಮೀನು’ ಎಂದರೆ ಆ ತುದಿಯ ಕುದುರೆ ಕಿವಿ ನಿಮಿರಿಸುವಂಥ ಗಂಟಲು ಅವಳದು. ಅದು ಆ ಕ್ಷಣದಲ್ಲಿ ಸುಮ್ಮನೆ ಗಾಳಿ ಊದುತ್ತಿತ್ತು.

ಎದುರು ಮನೆಯ ಮಿಸೆಸ್ ಶಟಲ್‌ವರ್ತ್ ಮಂಡಿಯೂರಿ ಕೂತು ತನ್ನ ಬಾಗಿಲ ಮೆಟ್ಟಿಲನ್ನು ಬಿಳಿಕಲ್ಲಿನಿಂದ ಉಜ್ಜುತ್ತಿದ್ದಳು. ಆ ಬೀದಿಗೆ ಪತ್ರಿಕೆ ತರಿಸುವವರು ಕಡಿಮೆ. ಮಿಸೆಸ್ ಶಟಲ್‌ವರ್ತ್ ಇದ್ದುದರಿಂದ ಅದರ ಅಗತ್ಯವೂ ಇರಲಿಲ್ಲ.

“ಯಾರು ಚಿನ್ನ ಅದು?” ಎಂದಳು. ಪಾದ್ರಿಯಿಂದ ಕಲ್ಲಿದ್ದಲಿನವನ ತನಕ ಎಲ್ಲರೂ ಅವಳಿಗೆ ಚಿನ್ನವೇ.

“ನೆಂಟರು!” ಎಂದು ಕೂಗಿದ ವಿಲ್ಫ್. “ದೂರದ ನೆಂಟರು! ಗಂಟಲು ಹೋಗಿದೆ! ಒಂದು ಮಾತೂ ಆಡಬಾರದು ಅಂದಿದಾರೆ ಡಾಕ್ಟರು!”

“ಅಯ್ಯೋ ಪಾಪ! ಏನಾಯ್ತು ಗಂಟಲಿಗೆ?”

“ಅದು... ಎಳ್ಕೊಂಡ್‌ಬಿಟ್ಟಿದೆ.”

“ಎಲ್ಲಿಗೆ?”

“ಒಳಕ್ಕೆ,” ಎಂದು ಹೇಳಿ ಅಕ್ಕನನ್ನೂ ಪೆಟ್ಟಿಗೆಯನ್ನೂ ಒಳಗೆಳೆದು ಬಾಗಿಲು ಹಾಕಿದ.

ಅಡುಗೆಮನೆಯಲ್ಲಿ ಹಿಲ್ಡಾಗೆ ಉಸಿರು ಬಂತು.

“ನಮ್ಮನಿ ಚಿಮಣಿ ಬಿದ್ದೈತಿ. ಗಾಳಿಗೆ ಮಾಡು ಒಡಕೊಂಡು ಒಳಗ ಬಂದು ಹಾಸಿಗಿ ಮ್ಯಾಲ ಮಲಗೈತಿ. ಗವಂಡಿ ಒಂದ್ ವಾರ ಬೇಕಂದ. ಎಲ್ಲಿಗೆ ಹೋಗ್ಲಿ ಅಂತ ವಿಚಾರ ಮಾಡಿದೆ. ನಿನಗೊಬ್ಬ ತಮ್ಮ ಅದಾನ ಅಂತ ಯಾರೋ ಅಂದ್ರು.”

“ಅಕ್ಕಾ, ಸ್ವಲ್ಪ ಮೆಲ್ಲಗೆ...”

“ಇದ ನಂದು ಮೆಲ್ಲಗ!”

ನೋರಾ ಓಡಿಹೋಗಿ ಕಿಟಕಿ ಮುಚ್ಚಿದಳು. ವಿಲ್ಫ್ ಕೈಮುಗಿಯುವುದೊಂದನ್ನು ಬಿಟ್ಟು ಎಲ್ಲ ಮಾಡಿದ. ಶನಿವಾರದ ವಿಷಯ ಹೇಳಿದ, ಕುರ್ಚಿಯ ವಿಷಯ ಹೇಳಿದ, ಮಾವನ ವಯಸ್ಸು ಹೇಳಿದ. ಹಿಲ್ಡಾ ಟೋಪಿಯ ಸೂಜಿ ತೆಗೆಯುತ್ತ ಕೇಳಿಸಿಕೊಂಡಳು.

“ಹೊರಗಿನ ಆಕಿ ಮುಂದ ನನ್ನ ಏನಂತ ಹೇಳಿದಿ?”

“ನೆಂಟಳು ಅಂತ. ದೂರದ ನೆಂಟಳು.”

“ಎಷ್ಟು ದೂರ?”

ವಿಲ್ಫ್ ಅವಳ ಪೆಟ್ಟಿಗೆಯನ್ನು ಮೇಜಿನ ಕೆಳಗೆ ತಳ್ಳಿದ.

“ಒಂದ ಹಾಸಿಗ್ಯಾಗ ಮಲಗಿ ಬೆಳದೀವಿ,” ಎಂದಳು ಹಿಲ್ಡಾ. “ರಾತ್ರಿ ನಿನಗ ಹೆದರಿಕಿ ಆದ್ರ ನನ್ನ ಜಡಿ ಹಿಡಕೊಂಡು ಮಲಗತಿದ್ದಿ. ಭಾಳ ದೂರ ಆತು ಬಿಡು.” ಟೋಪಿ ತೆಗೆದು ಮೇಜಿನ ಮೇಲಿಟ್ಟು, “ಆತಪಾ. ಶನಿವಾರ ಮುಗಿಯೂ ಮಟ ಬಾಯಿ ತಗಿಯಂಗಿಲ್ಲ. ನಿನ್ನ ಜೋಡಿನೂ ಇಲ್ಲ,” ಎಂದಳು.

“ನನ್ನ ಹತ್ರ ಮಾತಾಡಬಹುದು ಅಕ್ಕ, ಬಾಗಿಲು ಹಾಕಿಕೊಂಡರೆ...”

ಹಿಲ್ಡಾ ತುಟಿ ಮುಚ್ಚಿದಳು. ಮುಚ್ಚಿದ್ದು ಮುಚ್ಚಿದ್ದೇ.

ಒಳಕ್ಕೆ ಎಳೆದುಕೊಂಡ ಗಂಟಲು ಮಧ್ಯಾಹ್ನದ ಹೊತ್ತಿಗೆ ಕಟುಕನ ಅಂಗಡಿಯ ಮಾತಿನಲ್ಲಿ ದೊಡ್ಡ ಆಪರೇಷನ್ ಆಗಿತ್ತು. ಸಂಜೆಗೆ ಆಪರೇಷನ್ ಬಿಟ್ಟುಹೋಗಿ ಫ್ಲೀಟ್‌ವುಡ್ಡಿನ ಸಮುದ್ರ ಬಂತು. ಗಂಡನ ದೋಣಿ ಮುಳುಗುವುದನ್ನು ದಡದಲ್ಲಿ ನಿಂತು ಕಂಡ ಆ ಹೆಣ್ಣು ಅವನ ಹೆಸರು ಕೂಗಿ ಕೂಗಿ ದನಿ ಕಳೆದುಕೊಂಡಿದ್ದಳು. ಮಾರನೆಯ ದಿನ ಪ್ರಾರ್ಥನಾಮಂದಿರದಲ್ಲಿ ಪಾದ್ರಿ ಆ ಗಂಡನ ಆತ್ಮಕ್ಕೆ ಶಾಂತಿ ಕೋರಿದರು. ಎಂದೂ ಮದುವೆಯಾಗದ ಹಿಲ್ಡಾ ಮೂರನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತು ಅದನ್ನು ಸ್ವೀಕರಿಸಿದಳು.

ಮಿಸೆಸ್ ಶಟಲ್‌ವರ್ತ್ ಬಾತುಕೋಳಿಯ ಕೊಬ್ಬು ತಂದಳು. ಅದನ್ನು ಕಂದು ಕಾಗದಕ್ಕೆ ಬಳಿದು, ಕಾಗದವನ್ನು ಹಿಲ್ಡಾಳ ಕತ್ತಿಗೆ ಸುತ್ತಿ, ಮೇಲೊಂದು ಕೆಂಪು ಫ್ಲಾನೆಲ್ ಬಟ್ಟೆ ಬಿಗಿದಳು. “ನಮ್ಮಜ್ಜಿ ಇದರಲ್ಲೇ ನಮ್ಮ ತಾತನ್ನ ಬದುಕಿಸಿದ್ದು ಚಿನ್ನ,” ಎಂದಳು. ತಾತನಿಗೆ ಆಗಿದ್ದೇನು ಎಂದು ನೋರಾ ಕೇಳಿದಾಗ, “ಕಾಲು ಮುರಿದಿತ್ತು,” ಎಂದಳು.

ಇಷ್ಟಾದರೆ ವಿಲ್ಫ್ ಹೇಗೋ ತಡೆದುಕೊಳ್ಳುತ್ತಿದ್ದ. ಆದರೆ ಬಂದವರು ಹೋಗುತ್ತಿರಲಿಲ್ಲ. ಮಿಸೆಸ್ ಶಟಲ್‌ವರ್ತ್ ಮುಂಗೋಣೆಯ ಬಾಗಿಲು ಮುಚ್ಚಿಕೊಂಡು ಹಿಲ್ಡಾಳ ಹತ್ತಿರ ಬಹಳ ಹೊತ್ತು ಪಿಸುಗುಟ್ಟಿ, ಹೊರಗೆ ಬರುವಾಗ ವಿಲ್ಫ್‌ನ ಕೆನ್ನೆ ತಟ್ಟಿ ಹೋದಳು. ಮೂವತ್ತು ವರ್ಷದಲ್ಲಿ ಅವಳು ಅವನ ಕೆನ್ನೆ ತಟ್ಟಿರಲಿಲ್ಲ. ಅವಳ ಹಿಂದೆ ಕಟುಕ ಬಂದ. ಕಟುಕನ ಹಿಂದೆ ಪಾದ್ರಿ ಬಂದರು. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಅಡುಗೆಮನೆಯಲ್ಲಿ ಟೋಪಿ ತೊಡೆಯ ಮೇಲಿಟ್ಟುಕೊಂಡು, ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೂತಂತೆ, ತಮ್ಮ ಸರದಿಗೆ ಕಾಯುತ್ತಿದ್ದರು. ಮಾತು ಹೋದ ಹೆಂಗಸಿನ ಹತ್ತಿರ ಊರಿಗೆಲ್ಲ ಹೇಳಿಕೊಳ್ಳಲು ಏನೋ ಇದ್ದಂತಿತ್ತು.

ಬುಧವಾರ ಕ್ಲಬ್ಬಿನ ಕಾರ್ಯದರ್ಶಿ ಗ್ರಿಮ್‌ಶಾ ಬಂದ. ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಸವೆದುಹೋದ ಒಣಕಲು ಮನುಷ್ಯ, ನಿಯಮ ನೋಡಿಕೊಂಡು ಸೀನುವವನು. ಅವನೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಬಂದಾಗ ಕನ್ನಡಕ ತೆಗೆದು ಒರೆಸುತ್ತಿದ್ದ.

“ಒಳ್ಳೆ ಹೆಂಗಸಪ್ಪ,” ಎಂದ. “ಎಂಥ ತಿಳುವಳಿಕೆ!”

“ಏನಂದರು ನಿಮಗೆ?” ಎಂದು ಕೇಳಿದ ವಿಲ್ಫ್, ಬೆವರುತ್ತ.

“ಏನಂತಾರೆ? ಗಂಟಲಿಲ್ವಲ್ಲ,” ಎಂದು ಗ್ರಿಮ್‌ಶಾ ಅವನನ್ನು ವಿಚಿತ್ರವಾಗಿ ನೋಡಿ ಹೊರಟುಹೋದ.

ವಿಲ್ಫ್ ಒಳಗೆ ನುಗ್ಗಿದ. “ಅಕ್ಕಾ, ಏನು ಹೇಳ್ತಿದಾರೆ ಇವರೆಲ್ಲ?”

ಹಿಲ್ಡಾ ಕಾಲುಚೀಲ ಹೆಣೆಯುತ್ತಿದ್ದಳು. ಕಡ್ಡಿಗಳು ಟಿಕ್ ಟಿಕ್ ಎಂದವು.

“ನನ್ನ ವಿಷಯ ಏನಾದರೂ?”

ಟಿಕ್ ಟಿಕ್.

“ನನ್ನಾಣೆ ಅಕ್ಕ!”

“ಗಂಟಲು ಹೋಗಿದೆ ಪಾಪ,” ಎಂದಳು ಬಾಗಿಲಲ್ಲಿ ನಿಂತಿದ್ದ ನೋರಾ.

ಹೀಗೆ ಮಾತಾಡಬಾರದವಳು ಮಾತಾಡದೆ, ಮಾತಾಡಬೇಕಾದವನಿಗೆ ಮಾತು ಹೊಳೆಯದೆ ಮೂರು ದಿನ ಕಳೆದವು. ಮನೆಯ ತುಂಬ ಇಂಥ ಮೌನ ತುಂಬಿಕೊಂಡಿದ್ದರಿಂದ ವಿಲ್ಫ್‌ಗೆ ತನ್ನ ನಾಲಗೆಯ ಮೇಲಿನ ಹಿಡಿತ ತಪ್ಪತೊಡಗಿತು. ಗುರುವಾರ ಬ್ರೆಡ್ಡಿನಂಗಡಿಯ ಸಾಲಿನಲ್ಲಿ ನಿಂತಿದ್ದ. ತಲೆಯಲ್ಲಿ ನೂರು ಯೋಚನೆ. ಅವನ ಸರದಿ ಬಂತು. ಬಾಯಿ ತಾನಾಗಿ ತೆರೆದು, “ನಾಕು ಬ್ರೆಡ್‌ಕೇಕ್ ಕೊಡಬೇ ತಂಗಿ,” ಎಂದುಬಿಟ್ಟಿತು.

ಹಿಂದಿದ್ದ ಹೆಂಗಸರಲ್ಲಿ ಒಬ್ಬಳು ಚಾವಣಿ ನೋಡಿದಳು, ಒಬ್ಬಳು ತನ್ನ ಬೂಟು ನೋಡಿದಳು, ಮೂರನೆಯವಳು ಅಗತ್ಯವಿಲ್ಲದೆ ಕೆಮ್ಮಿದಳು. ಅಂಗಡಿಯ ಹುಡುಗಿ ನಾಲ್ಕು ಬಾರ್ಮ್ ಕಟ್ಟಿಕೊಟ್ಟು, “ಹವಾ ಚೆನ್ನಾಗಿದೆ ಅಲ್ವಾ ಚಿನ್ನ,” ಎಂದಳು. ಹೊರಗೆ ಧೋ ಎಂದು ಸುರಿಯುತ್ತಿತ್ತು. ಯಾರಿಗೂ ಗೊತ್ತಾಗಲಿಲ್ಲವೆಂದು ಸಮಾಧಾನ ಮಾಡಿಕೊಂಡು ವಿಲ್ಫ್ ನೆನೆಯುತ್ತ ಮನೆಗೆ ಬಂದ.

ಶುಕ್ರವಾರ ಸಂಜೆ ಎಜ್ರಾ ಟೀಗೆ ಬಂದ. ಕೋಲೂರಿಕೊಂಡು, ಮೀಸೆ ತಿದ್ದಿಕೊಂಡು, ಹಿಲ್ಡಾಳ ಎದುರಿನ ಕುರ್ಚಿಯನ್ನೇ ಆರಿಸಿ ಕೂತ. ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಅವಳ ಮುಂದೆ ಚಾಚಿದ.

“ಟಾಫಿ ತಗೋಮ್ಮ. ಗಂಟಲಿಗೆ ಒಳ್ಳೇದು.”

ಹಿಲ್ಡಾ ಒಂದನ್ನು ಬಾಯಿಗೆ ಹಾಕಿಕೊಂಡಳು.

“ನೀನು ಸಮುದ್ರದ ಕಡೆಯವಳು, ನಿನಗೆ ಗೊತ್ತಿರಲ್ಲ,” ಎಂದು ಎಜ್ರಾ ಹಿಂದಕ್ಕೊರಗಿದ. “ಆ ಗುಡ್ಡದಾಚೆ ಒಂದು ಜನ ಇದಾರೆ. ಇದಕ್ಕೆ ಅವರು ಸ್ಪೈಸ್ ಅಂತಾರಂತೆ! ಮಗು ಅತ್ತರೆ ಬಾಯಿಗೆ ಮೆಣಸು ತುರುಕ್ತಾರೋ ಏನೋ. ಅದಕ್ಕೇ ದೊಡ್ಡವರಾದ ಮೇಲೂ ಅವರ ಮುಖ ಹಾಗಿರೋದು.”

ವಿಲ್ಫ್ ಕೆಮ್ಮಿದ. ಹಿಲ್ಡಾಳ ದವಡೆ ನಿಂತಿತು.

“ಟೀನ ಮ್ಯಾಶ್ ಮಾಡ್ತಾರಂತಮ್ಮ. ಟೀನ! ಆಲೂಗಡ್ಡೆ ಮ್ಯಾಶ್ ಮಾಡೋದು ಕೇಳಿದೀನಿ. ಆಲೂಗಡ್ಡೆ ಏನು ಮಾಡ್ತಾರೋ, ನೆನೆ ಹಾಕಿ ಕುಡೀತಾರೋ.”

“ಮಾವ, ಇನ್ನೊಂದು ಚೂರು ಹ್ಯಾಮ್?” ಎಂದ ವಿಲ್ಫ್.

“ಸುಮ್ನಿರೋ, ದೊಡ್ಡೋರು ಮಾತಾಡ್ತಿದೀವಿ. ಆಮೇಲೆ ಅವರ ಪುಡಿಂಗು. ಮೊದಲು ಒಂದು ತಟ್ಟೆ ಹಿಟ್ಟಿನ ಪುಡಿಂಗ್ ತಿನ್ನಿಸಿ ಹೊಟ್ಟೆ ತುಂಬಿಸಿಬಿಡೋದು, ಆಮೇಲೆ ಮಾಂಸ ತರೋದು. ಯಾಕೆ ಹೇಳು? ಮಾಂಸ ಉಳೀಲಿ ಅಂತ. ಅಂಥ ಜಿಪುಣರು. ಹೌದೋ ಅಲ್ವೋ?”

ಹಿಲ್ಡಾಳ ಮುಖ ಫ್ಲಾನೆಲ್ಲಿನ ಬಣ್ಣಕ್ಕೆ ತಿರುಗಿತು. ವಿಲ್ಫ್ ಕಣ್ಣು ಮುಚ್ಚಿಕೊಂಡ. ಮೂವತ್ತು ವರ್ಷ, ಕಕ್ಕಸಿನಲ್ಲಿ ಕಲಿತ ಅಷ್ಟೂ ಮಾತು, ಎಲ್ಲ ಈಗ ಹೋಯಿತೆಂದುಕೊಂಡ. ಹಿಲ್ಡಾ ಎದ್ದಳು. ಎಜ್ರಾನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ತಿರುಗಿ ಹಿತ್ತಿಲಿಗೆ ನಡೆದಳು. ಸ್ವಲ್ಪ ಹೊತ್ತಿಗೆ ಕಲ್ಲಿದ್ದಲಿನ ಬಕೆಟ್ಟು ಗೋಡೆಗೆ ಅಪ್ಪಳಿಸಿದ ಸದ್ದು ಬಂತು.

“ಪಾಪ,” ಎಂದ ಎಜ್ರಾ ಇನ್ನೊಂದು ಟಾಫಿ ಬಾಯಿಗೆ ಹಾಕಿಕೊಂಡು. “ನೋವು ಜೋರಿರಬೇಕು.”

ಶನಿವಾರ ಬಿಸಿಲು ಬಂತು. ಹಾಲ್ಡನ್‌ಶಾದ ಮಟ್ಟಿಗೆ ಅದೇ ಒಂದು ಸಮಾರಂಭ. ಹುಲ್ಲಿನ ದಿಬ್ಬದ ಸುತ್ತ ಬೆಂಚುಗಳು, ಉದ್ದನೆಯ ಮೇಜು, ಮೇಜಿನ ಮೇಲೆ ಹ್ಯಾಮು, ಉಪ್ಪಿನಕಾಯಿ, ಬಾರ್ಮ್‌ಗಳ ಗೋಪುರ. ನಡುವೆ ಇಬ್ಬರು ಎತ್ತಬೇಕಾದಷ್ಟು ದೊಡ್ಡ ಕಂದು ಟೀ ಹೂಜಿ. ವಿಲ್ಫ್ ಮದುವೆಯ ಸೂಟು ಹಾಕಿದ್ದ, ಗುಂಡಿಗಳು ಬರಲೊಪ್ಪದೆ ನೋರಾ ಎರಡು ಪಿನ್ನು ಚುಚ್ಚಿದ್ದಳು. ಹಿಲ್ಡಾ ಎಲ್ಲಕ್ಕಿಂತ ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು. ಬಿಸಿಲಿಗೆ ಬಾತಿನ ಕೊಬ್ಬು ಕರಗಿ ಕಾಲರಿನೊಳಗೆ ಇಳಿಯುತ್ತಿತ್ತು.

ಗ್ರಿಮ್‌ಶಾ ಗಂಟಲು ಸರಿಮಾಡಿಕೊಂಡು ಮಾತಾಡಿದ. ಎಜ್ರಾ ಕಟ್ಟಿದ ಕ್ಲಬ್ಬು, ಎಜ್ರಾ ಕಂಡ ಮಳೆಗಳು, ಎಜ್ರಾ ಸೋಲಿಸಿದ ಊರುಗಳು. ಕೊನೆಗೆ ಎಜ್ರಾನೇ ಎದ್ದ. ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತ.

“ನಮ್ಮ ಪದ್ಧತಿ ನಿಮಗೆಲ್ಲ ಗೊತ್ತು,” ಎಂದ. “ಹೊಸ ಅಧ್ಯಕ್ಷನ ಮೊದಲ ಕಪ್ ಟೀಯನ್ನ ಅವನ ಒಡಹುಟ್ಟಿದವಳೋ, ತಾಯಿಯೋ, ಯಾರಾದ್ರೂ ಅವನ ರಕ್ತದ ಹೆಣ್ಣುಮಗಳು ಸುರೀಬೇಕು. ದೂರದ ನೆಂಟರು ಲೆಕ್ಕಕ್ಕಿಲ್ಲ. ನನಗೆ ನಮ್ಮ ತಂಗಿ ಸುರಿದಳು. ವಿಲ್ಫ್, ನಿನ್ನ ಕಡೆಯವರು ಯಾರಾದ್ರೂ ಇದಾರೇನೋ? ಇಲ್ಲ ಅಂದ್ರೆ ನೋರಾನೇ ಸುರೀಲಿ, ಪರವಾಗಿಲ್ಲ.”

ಹೇಳಬೇಕಾದದ್ದು ‘ಇಲ್ಲ’ ಎಂಬ ಒಂದೇ ಮಾತು. ಅದನ್ನು ವಿಲ್ಫ್ ಯಾವ ಮಾತಿಗಿಂತಲೂ ಚೆನ್ನಾಗಿ ಕಲಿತಿದ್ದ. ಬಾಯಿಯೂ ತೆರೆಯಿತು. ನೋರಾಳ ಕಡೆ ನೋಡಿದ. ಅವಳು ತನ್ನ ಕೈಗವಸಿನ ಬೆರಳುಗಳನ್ನು ಎಣಿಸುತ್ತಿದ್ದಳು. ಹಿಂದಿನ ಬೆಂಚಿನ ಕಡೆ ನೋಡಿದ. ಹಿಲ್ಡಾ ಅವನನ್ನು ನೋಡುತ್ತಿರಲಿಲ್ಲ. ಸಂತೆಯನ್ನೇ ನಡುಗಿಸಿದ ಆ ದೊಡ್ಡ ಹೆಂಗಸು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬೇರೆಯವರ ಮನೆಯ ಮದುವೆಗೆ ಬಂದವಳ ಹಾಗೆ, ಜಾಗ ಕಡಿಮೆ ಹಿಡಿಯುವಂತೆ ಮುದುಡಿ ಕೂತಿದ್ದಳು.

“ಅದಾಳ,” ಎಂದ ವಿಲ್ಫ್.

“ಏನಂದೆ?”

“ಅದಾಳ. ಅಲ್ಲಿ ಕುಂತಾಳಲ್ಲ, ಆಕಿ ನಮ್ಮಕ್ಕ. ಹಿಲ್ಡಾ. ದೂರದಾಕಿ ಅಲ್ಲ. ನಮ್ಮೂರು ಗುಡ್ಡದಾಚಿ ಐತಿ. ಆಕೀ ಗಂಟಲಕ್ಕ ಏನೂ ಆಗಿಲ್ಲ, ಸುಳ್ಳು ಹೇಳಿದಾಂವ ನಾನು. ಮದಲಿಂದನೂ ನಾನ.”

ದಿಬ್ಬದ ಮೇಲೆ ಯಾರೋ ಬಿಟ್ಟಿದ್ದ ಚೆಂಡೊಂದು ನಿಧಾನವಾಗಿ ಉರುಳಿ ಅಂಚಿನ ಹಲಗೆಗೆ ಟೊಕ್ ಎಂದು ಬಡಿದು ನಿಂತಿತು.

ಗ್ರಿಮ್‌ಶಾ ಹಲ್ಲುನೋವು ಬಂದವನಂತೆ ಮುಖ ಹಿಂಡಿದ.

“ವಿಲ್ಫ್! ಯಾಕಪ್ಪಾ ಹೇಳ್ದೆ?”

“ಮೂವತ್ತು ವರ್ಷ ತಡ್ಕೊಂಡಿದ್ದೋನು,” ಎಂದು ಮಿಸೆಸ್ ಶಟಲ್‌ವರ್ತ್ ಎದ್ದು ನಿಂತಳು, “ಇನ್ನೊಂದು ಕಪ್ ಟೀ ಸುರಿಯೋವರೆಗೂ ತಡ್ಕೊಳಕ್ಕಾಗ್ಲಿಲ್ವೇನೋ ನಿನಗೆ?”

ವಿಲ್ಫ್ ಅವರ ಮುಖ ಇವರ ಮುಖ ನೋಡಿದ. “ನಿಮಗೆ... ಗೊತ್ತಿತ್ತಾ?”

“ಗೊತ್ತಿತ್ತಾ ಅಂತಾನೆ! ಕಾಲುವೆಗೆ ಗಾಳ ಹಾಕಕ್ಕೆ ಹೋಗಿ ಹೊಗೆ ಹಾಕಿದ ಹೆರಿಂಗ್ ಮೀನು ಹಿಡ್ಕೊಂಡು ಬರ್ತೀ ನೀನು, ಪ್ರತಿ ವರ್ಷ. ತಲೆ ತೆಗೆದು, ಕಾಗದ ಸುತ್ತಿ. ಕಾಲುವೇಲಿ ಯಾರು ಸುತ್ಕೊಡ್ತಾರೋ?”

“ಕ್ರಿಕೆಟ್ಟಲ್ಲಿ ನಾವು ಯಾರ್ಕ್‌ಶೈರಿಗೆ ಸೋತ ದಿನ,” ಎಂದ ಕಟುಕ, “ಊರೆಲ್ಲ ಸೂತಕ. ನೀನೊಬ್ಬ ಸಿಳ್ಳೆ ಹಾಕ್ಕೊಂಡು ಕಲ್ಲಿದ್ದಲು ತುಂಬ್ತಿರ್ತೀಯ.”

“ನನ್ನ ಮೆಟ್ಟಿಲಿಗೆ ಎಡವಿ ಹೆಬ್ಬೆರಳು ಒಡ್ಕೊಂಡೆಯಲ್ಲ,” ಎಂದಳು ಮಿಸೆಸ್ ಶಟಲ್‌ವರ್ತ್. “ಆಗ ಬೈದೆ ನೋಡು, ಅದರಲ್ಲಿ ಈಚೆ ಕಡೆ ಮಾತು ಒಂದೂ ಇರಲಿಲ್ಲ ಚಿನ್ನ. ನಾನು ಕಿಟಕಿ ಹಾಕ್ಕೊಂಡೆ, ನೀನು ಕೇಳಿಸ್ತು ಅಂದ್ಕೊಂಡು ಬೇಜಾರು ಮಾಡ್ಕೊಬಾರ್ದು ಅಂತ.”

ವಿಲ್ಫ್ ಮಾವನ ಕಡೆ ತಿರುಗಿದ. ತಿರುಗಲು ಅವನಿಗೆ ಬಹಳ ಹೊತ್ತು ಹಿಡಿಯಿತು.

“ಹೆಪ್‌ವರ್ತ್!” ಎಂದ ಎಜ್ರಾ. “ಆ ಹೆಸರು ನಮ್ಮ ಕಡೆ ಬೆಳೆಯಲ್ಲ ಕಣೋ. ಬಾಗಿಲಲ್ಲಿ ನಿಂತು ಹೆಸರು ಹೇಳ್ದಾಗ್ಲೇ ಗೊತ್ತಾಯ್ತು. ಎಲ್ಲಿಯವನು ಅಂದ್ರೆ ಫ್ಲೀಟ್‌ವುಡ್ ಅಂದೆ. ಸುಳ್ಳು ಹೇಳ್ತಾನೆ, ಆದ್ರೆ ನೆಟ್ಟಗೆ ಹೇಳಕ್ಕೆ ಬರಲ್ಲ. ಅಂಥೋನಿಗೆ ಮಗಳನ್ನ ಕೊಟ್ರೆ ಮೋಸ ಇಲ್ಲ ಅಂದ್ಕೊಂಡೆ.”

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ದನಿ ಎದ್ದಿತು. ಕ್ಲಬ್ಬಿನ ಮಾಡಿನ ಮೇಲಿದ್ದ ಪಾರಿವಾಳಗಳೂ ಎದ್ದವು.

“ಇನ್ನರ ನಾ ಮಾತಾಡ್ಲ್ಯಾ?”

ಹಿಲ್ಡಾ ಕತ್ತಿನ ಫ್ಲಾನೆಲ್ ಕಿತ್ತೆಸೆದು ಮುಂದೆ ಬರುತ್ತಿದ್ದಳು. ಜನ ದಾರಿ ಬಿಟ್ಟರು.

“ಒಬ್ಬೊಬ್ಬರೂ ಬಂದು ಕದಾ ಹಾಕ್ಕೊಂಡು ನನ್ನ ಕಿವ್ಯಾಗ ಊದ್ಯಾರ! ‘ನೀವು ಅವನ ಅಕ್ಕ ಅಂತ ಮುಖಾ ನೋಡಿದ್ರ ಗೊತ್ತಾಗತೈತಿ. ಆಚಿಯಾಂವ ಅಂತ ನಮಗೆಲ್ಲಾ ಗೊತ್ತೈತಿ. ಆದ್ರ ನಮಗ ಗೊತ್ತೈತಿ ಅಂತ ಅವಗ ಹೇಳಬ್ಯಾಡ್ರಿ, ಪಾಪ ಮನಸ್ಸಿಗೆ ಹಚ್ಚಿಕೋತಾನ.’ ಈ ಎದುರ ಮನಿಯಾಕಿ ಆಣಿ ಹಾಕಿಸಿಕೊಂಡ್ಳು, ಆ ಕನ್ನಡಕದಾಂವ ಆಣಿ ಹಾಕಿಸಿಕೊಂಡ, ಪಾದ್ರಿ ಬೈಬಲ್ ಮ್ಯಾಲ ಕೈ ಇಡಿಸಿದ! ನಾ ಯಾರ ಮುಂದ ಬಾಯಿ ಬಿಡ್ಲಿ? ಈ ಮುದುಕ ಅಂತೂ...” ಎಂದು ಎಜ್ರಾನ ಮುಂದೆ ನಿಂತಳು. “ಎಲ್ಲಾ ಗೊತ್ತಿದ್ದೂ ನನ್ನ ಮುಂದ ಕುಂತು ನಮ್ಮ ಪುಡಿಂಗಿಗೆ ಅಂತಾನ!”

“ನೀನು ಮಾತಾಡ್ತೀಯೇನೋ ಅಂತ ನೋಡ್ದೆ,” ಎಂದ ಎಜ್ರಾ. “ಗಟ್ಟಿ ಹೆಂಗಸು.”

“ನಾನೂ ನೋಡಾಕತ್ತಿದ್ದೆ,” ಎಂದಳು ಹಿಲ್ಡಾ. ದನಿ ಮೊದಲ ಬಾರಿಗೆ ತಗ್ಗಿತ್ತು. “ಇವ ಹೇಳ್ತಾನೇನೋ ಅಂತ.” ತಮ್ಮನ ಕಡೆ ನೋಡಲಿಲ್ಲ. ಕೈಚೀಲದಿಂದ ಕರವಸ್ತ್ರ ತೆಗೆದು ಕತ್ತಿನ ಕೊಬ್ಬು ಒರೆಸಿಕೊಂಡಳು, ಆ ನೆಪದಲ್ಲಿ ಕಣ್ಣೂ ಒರೆಸಿಕೊಂಡಳು.

“ಹಾಗಾದರೆ,” ಎಂದ ವಿಲ್ಫ್, ಯಾರಿಗೆ ಹೇಳಬೇಕೆಂದು ತಿಳಿಯದೆ ಎಲ್ಲರಿಗೂ ಹೇಳುವಂತೆ, “ಎಲ್ಲ ಸರಿಯಾಯ್ತಲ್ಲ?”

ಗ್ರಿಮ್‌ಶಾ ನಿಟ್ಟುಸಿರು ಬಿಟ್ಟ.

“ಎಲ್ಲಿ ಸರಿಯಾಯ್ತಪ್ಪಾ? ನಿಯಮ ಇದೆ. ಗೊತ್ತಿದ್ದೂ ಯಾರೂ ಬಾಯಿಬಿಡದೆ ಇದ್ರೆ ಕ್ಲಬ್ಬಿಗೆ ಗೊತ್ತಿಲ್ಲ ಅಂತಲೇ ಆಗ್ತಿತ್ತು. ಅದಕ್ಕೇ ತಾನೆ ನಾವೆಲ್ಲ ಇಷ್ಟು ವರ್ಷ ಬಾಯಿ ಹೊಲ್ಕೊಂಡಿದ್ದು? ಈಗ ಸಭೇಲಿ ನಿಂತು ಹೇಳ್ಬಿಟ್ಟೆ. ಇನ್ನು ಗೊತ್ತಿಲ್ಲ ಅನ್ನೋ ಹಾಗಿಲ್ಲ. ನೀನು ಆ ಕುರ್ಚೀಲಿ ಕೂರೋ ಹಾಗಿಲ್ಲ.”

ವಿಲ್ಫ್ ಕುರ್ಚಿಯನ್ನು ನೋಡಿದ. ಹಳೆಯ ಮರದ ಕುರ್ಚಿ, ಒಂದು ಕಾಲಿಗೆ ಕಾಗದ ಮಡಿಸಿ ಇಟ್ಟಿದ್ದರು. ಇಷ್ಟು ಹತ್ತಿರದಿಂದ ಅವನು ಅದನ್ನು ನೋಡಿರಲಿಲ್ಲ.

“ನಿಯಮ ತಿದ್ದಿ,” ಎಂದಳು ನೋರಾ.

“ತಿದ್ದಬಹುದು. ವಾರ್ಷಿಕ ಸಭೇಲಿ ಮಾತ್ರ. ಅದು ಮುಂದಿನ ವರ್ಷ. ಅಲ್ಲೀವರೆಗೆ ಕುರ್ಚಿ ಖಾಲಿ ಬಿಡೋ ಹಾಗೂ ಇಲ್ಲ.”

ಎಲ್ಲರೂ ಎಜ್ರಾನ ಕಡೆ ನೋಡಿದರು. ಎಜ್ರಾ ಆಕಾಶ ನೋಡಿದ. ಆಮೇಲೆ ಕೋಲನ್ನು ಅಳಿಯನ ಕೈಗೆ ಕೊಟ್ಟು, ಒಂದೊಂದೇ ಮಂಡಿ ಮಡಿಸುತ್ತ, ತಾನು ಬಿಟ್ಟೆದ್ದ ಕುರ್ಚಿಯಲ್ಲೇ ಮತ್ತೆ ಕೂತ.

ಹಿಲ್ಡಾ ಆ ದೊಡ್ಡ ಹೂಜಿಯನ್ನು ಒಬ್ಬಳೇ ಎತ್ತಿದಳು. ಮೊದಲ ಕಪ್ ತುಂಬಿಸಿ ವಿಲ್ಫ್‌ನ ಮುಂದೆ ಹಿಡಿದಳು. “ಮೊದಲು ಅಧ್ಯಕ್ಷರಿಗೆ...” ಎಂದು ಬಾಯಿ ತೆರೆದ ಗ್ರಿಮ್‌ಶಾ ಅವಳ ಮುಖ ನೋಡಿ, ಆ ವಿಷಯದಲ್ಲಿ ನಿಯಮ ಸ್ಪಷ್ಟವಿಲ್ಲವೆಂದು ನಿರ್ಧರಿಸಿದ.

ವಿಲ್ಫ್ ಒಂದು ಕೈಯಲ್ಲಿ ಕಪ್ಪು, ಇನ್ನೊಂದರಲ್ಲಿ ಮಾವನ ಕೋಲು ಹಿಡಿದು, ಕುರ್ಚಿಯ ಪಕ್ಕದಲ್ಲಿ ನಿಂತಿದ್ದ. ಎಜ್ರಾ ಕೈ ಎತ್ತಿದ. ಹೆಗಲು ಎಟುಕಲಿಲ್ಲ. ಎಟುಕಿದ ಮೊಣಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡ.

“ಈ ಚಳಿಗಾಲ ಹೊರಟುಬಿಡೋಣ ಅಂತ ಎಲ್ಲಾ ಸಿದ್ಧ ಮಾಡ್ಕೊಂಡಿದ್ದೆ ಕಣೋ,” ಎಂದ. “ಈಗ ನೋಡು, ನಿನ್ನಿಂದ ಇನ್ನೊಂದು ವರ್ಷ ಬದುಕಿರಬೇಕಾಯ್ತು.”